ಗೋಡೆಯ ಈಚೆಗಿನವರು

ಕಿಟಕಿಯ ಸರಳಿಗೆ ಅಂಟಿದ ಬೂದು ಪುಡಿ, ಬೆರಳಿಟ್ಟರೆ ಬೆರಳಿಗೆ, ಒರೆಸಿದರೆ ದುಪಟ್ಟಾಕ್ಕೆ, ಸಿಮೆಂಟೋ ಸುಣ್ಣಕಲ್ಲೋ, ಸೇಡಂನಲ್ಲಿ ಹುಟ್ಟಿದವರಿಗೆ ಎರಡೂ ಒಂದೇ, ಗಾಡಿ ಊರು ಬಿಟ್ಟಾಯಿತು, ಎದುರಿನ ಸೀಟಿನಲ್ಲಿ ಅವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಾಳೆ, ಗಂಟಿನೊಳಗೆ ನನ್ನ ಬ್ಯಾಡ್ಜ್, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಹಿಂದೊಂದು ಪಿನ್ನು, ಅದು ಮೈಮೇಲಿದ್ದರೆ ಮಾತ್ರ ಕಲಬುರಗಿ ದವಾಖಾನೆಯ ಆ ಮಷೀನಿನ ಕೆಳಗೆ ಮಲಗುತ್ತಾಳಂತೆ, ನಿನ್ನೆ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಹೇಳಿಬಿಟ್ಟಳು, ನೀ ಅದನ್ನ ಕೊಡ್ತಿ ಅಂದ್ರ ಬರ್ತೀನಿ, ಇಲ್ಲಾಂದ್ರ ನನ್ನ ಹೆಣಾನೇ ಒಯ್ಯಬೇಕ ನೋಡು — ಎದೆಯ ಗಡ್ಡೆ ತೆಗೆದಾಗಿದೆ, ಉಳಿದ ಬೇರಿಗೆ ಕಿರಣ ಕೊಡಬೇಕು, ದಿನಾ ಬರಬೇಕು, ನಡುವೆ ಬಿಟ್ಟರೆ ಕೊಟ್ಟದ್ದೂ ವ್ಯರ್ಥ ಎಂದಿದ್ದಾರೆ ಡಾಕ್ಟರು, ಅವ್ವ ಒಂದು ದಿನ ಮಲಗಿ ಮರುದಿನ ಬಾಗಿಲಿನಿಂದಲೇ ಓಡಿ ಬಂದವಳು, ಆಗಲೇ ವಾರ ಹಾಳಾಗಿದೆ, ಕೊಟ್ಟೆ, ಕೊಡದೆ ಏನು ಮಾಡಲಿ, ಆದರೆ ಬ್ಯಾಡ್ಜ್ ಯಾರನ್ನೂ ಕಾಯುವುದಿಲ್ಲ, ಮೈಗೆ ಬಿದ್ದ ಕಿರಣ ಎಷ್ಟೆಂದು ಅಳೆದಿಟ್ಟುಕೊಳ್ಳುತ್ತದೆ, ಥರ್ಮಾಮೀಟರು ಎಲ್ಲಾದರೂ ಜ್ವರ ಇಳಿಸುತ್ತದೆಯೇ, ಇದನ್ನು ಮಳಖೇಡ ಬಂದಾಗ ಹೇಳೋಣ ಅಂದುಕೊಂಡೆ, ಮಳಖೇಡ ಹೋಯಿತು, ಚಿತ್ತಾಪುರದಲ್ಲಿ ಹೇಳಿದರಾಯಿತು.

ಎಲ್ಲ ಶುರುವಾದದ್ದು ತಾಯತದಿಂದ, ಪಕ್ಕದ ಮನೆಯ ಬಿಬಿಜಾನ್ ದರ್ಗಾದಿಂದ ತಂದು ಅವ್ವನ ಕೊರಳಿಗೆ ಕಟ್ಟಿದ್ದ ತಾಯತ, ಮೊದಲ ದಿನ ಮಷೀನಿನ ಹುಡುಗ ಅದನ್ನು ತೆಗೆಸಿದನಂತೆ, ಒಳಗೆ ಏನೂ ಇರುವಂತಿಲ್ಲ ಅಮ್ಮಾ ಎಂದು, ಮಲಗಿಸಿ ಎದೆಯ ಮೇಲೆ ಗೆರೆ ಎಳೆದು ಎಲ್ಲರೂ ಹೊರಗೆ ಹೋದರಂತೆ, ಅವ್ವ ಅದನ್ನು ಹೇಳುವ ರೀತಿಯೇ ಬೇರೆ, ಉಮಾ, ಎಲ್ಲಾರೂ ಓಡಿ ಹೋದ್ರವಾ, ನನ್ನೊಬ್ಬಾಕಿನ್ನ ಬಿಟ್ಟು ಬಾಗಲಾ ಹಾಕ್ಕೊಂಡ್ರು, ಛೊಲೋದಿದ್ರ ಅವ್ರ್ಯಾಕ ಓಡ್ತಿದ್ರು? — ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ, ಸೂತ್ರವಿದೆ, ಗ್ರಾಫ್ ಇದೆ, ಅಣು ಇಂಜಿನಿಯರಿಂಗ್ ಎಂ.ಟೆಕ್ ಎರಡನೆಯ ವರ್ಷ, ಆದರೂ ಬಾಯಿಗೆ ಬಂದದ್ದು ಹಂಗೇನಿಲ್ಲವ್ವಾ ಎಂಬ ಎರಡು ಮಾತು. ಆಮೇಲೆ ನನ್ನ ಬ್ಯಾಗಿನಲ್ಲಿ ಬ್ಯಾಡ್ಜ್ ಕಂಡಳು, ಲ್ಯಾಬಿನ ಹೊರಗೆ ಮೊಳೆಗೆ ತೂಗಿಹಾಕಿ ಬರಬೇಕಾದದ್ದು, ಅವ್ವ ಓಡಿ ಬಂದಳೆಂದು ಅಣ್ಣನ ಫೋನು ಬಂದ ಗಡಿಬಿಡಿಯಲ್ಲಿ ನನ್ನ ಜೊತೆಗೇ ಬಂದುಬಿಟ್ಟಿದೆ, ಇದಿಲ್ಲದೆ ನಮ್ಮನ್ನು ಒಳಗೆ ಬಿಡುವುದಿಲ್ಲ ಎಂದು ಎಂದೋ ಹೇಳಿದ್ದೆ, ಅವ್ವನಿಗೆ ಅಷ್ಟು ಸಾಕಾಯಿತು, ಇದು ಅವ್ರದೇ ತಾಯತ, ಇದನ್ನ ತೆಗಿ ಅನ್ನಲಾರ್ರು. ನಗು ಬರಬೇಕಿತ್ತು, ಬರಲಿಲ್ಲ, ಅಳುವೂ ಬರಲಿಲ್ಲ, ಗಡ್ಡೆಯ ಸುದ್ದಿ ಕೇಳಿದಾಗಿನಿಂದ ನನ್ನೊಳಗೆ ಏನೋ ಜೋಮು ಹಿಡಿದಿದೆ, ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ನೋವಾಗುವುದಿಲ್ಲ. ಲ್ಯಾಬಿನ ಗೆಳತಿ ಲುಂಬಿನಿ, ಶಹಾಬಾದಿನವಳು, ಫೋನಿನಲ್ಲಿ ಬೈದಳು, ಹುಚ್ಚಿ, ನಿನ್ನ ಬ್ಯಾಡ್ಜ್ ಎಲ್ಲದ, ಈ ವಾರ ಎಲ್ಲಾರದೂ ಅಳತಿಗಿ ಹೋಗ್ತಾವ, ಅದರ ಮ್ಯಾಲ ಆ ಮಷೀನಿನ ಕಿರಣ ಬಿತ್ತಂದ್ರ ನಿನ್ನ ಹೆಸರಿಗೇ ಬೀಳ್ತದ, ಲ್ಯಾಬಿಗೆ ಕಾಲಿಡಗೊಡೂದಿಲ್ಲ, ಥೀಸಿಸ್ ಮರ್ತುಬಿಡು — ಅದಕ್ಕೇ ಇಂದು ಬೆಳಿಗ್ಗೆ ಬಚ್ಚಲಲ್ಲಿ ನಿಂತು ಡಬ್ಬಿ ಬಿಚ್ಚಿ ಅಳೆಯುವ ಕಾರ್ಡನ್ನು ಹೊರಗೆ ತೆಗೆದೆ, ಅದೀಗ ಮನೆಯಲ್ಲಿ ಜೋಳದ ಡಬ್ಬಿಯ ಹಿಂದಿದೆ, ಅವ್ವನ ಗಂಟಿನಲ್ಲಿರುವುದು ಖಾಲಿ ಪ್ಲಾಸ್ಟಿಕ್, ಕಾಯುವುದೂ ಇಲ್ಲ, ಈಗ ಅಳೆಯುವುದೂ ಇಲ್ಲ. ಚಿತ್ತಾಪುರ ಯಾವಾಗ ಹೋಯಿತೋ ನೋಡಲಿಲ್ಲ.

ವಾಡಿ ಜಂಕ್ಷನ್, ಗಾಡಿ ನಿಂತದ್ದು ನಿಂತೇ ಇದೆ, ಚಿಮಣಿಗಳ ಹೊಗೆ ನೆಟ್ಟಗೆ ಮೇಲಕ್ಕೆ, ಚಾಯ್ ಚಾಯ್, ಅವ್ವ ಆಚೆ ಪ್ಲಾಟ್‌ಫಾರ್ಮಿನಲ್ಲಿ ಸೇಡಂ ಕಡೆಗೆ ಹೊರಟು ನಿಂತ ಗಾಡಿಯನ್ನು ನೋಡುತ್ತಿದ್ದಾಳೆ, ಬಹಳ ಹೊತ್ತಿನಿಂದ ನೋಡುತ್ತಿದ್ದಾಳೆ, ನನಗೆ ಗೊತ್ತು ಏನು ಕೇಳುತ್ತಾಳೆಂದು, ಕೇಳಿಯೇಬಿಟ್ಟಳು, ತಿರುಗಿ ಹೋಗೂಣೇನವಾ? ಬ್ಯಾಡವ್ವಾ, ಕುಂದ್ರು. ಕೂತಳು, ಚಪ್ಪಲಿ ಮೆಟ್ಟಿದ್ದ ಕಾಲು ಹಾಗೇ ಏಳಲು ತಯಾರಾಗಿ, ಈಗ ನಿಜ ಹೇಳಿದರೆ ಇಲ್ಲೇ ಇಳಿಯುತ್ತಾಳೆ, ಹೇಳಲಾರೆ, ನೀ ಖರೇ ಏನ್ ಓದ್ತಿ ಉಮಾ ಎನ್ನುತ್ತಾಳೆ, ಹೆದರಿಕೆ ಮರೆಯಲು ಮಾತು ಬೇಕಾಗಿದೆ ಅವಳಿಗೆ, ಗೋಡಿ ಓದ್ತೀನವ್ವಾ, ಗೋಡಿ? ಹೂಂ, ಕಿರಣ ಹೊರಗ ಬರದಂಗ ಎಷ್ಟು ದಪ್ಪ ಗೋಡಿ ಕಟ್ಟಬೇಕು ಅಂತ, ನಮ್ಮ ಸುಣ್ಣಕಲ್ಲು ಹಾಕಿ ಕಾಂಕ್ರೀಟ್ ಮಾಡಿದ್ರ ಎಷ್ಟು ತಡೀತದ ಅಂತ, ಅವ್ವ ನಕ್ಕಳು, ಗೌಂಡಿ ಕೆಲಸಕ್ಕ ಅಷ್ಟು ದೂರ ಹೋಗೀಯೇನು, ಇಲ್ಲೇ ಯಾರರೆ ಕಲಿಸ್ತಿದ್ರು — ಪ್ರೊಫೆಸರು ಕೂಡ ಖುಷಿಪಟ್ಟಿದ್ದರು, ನಿಮ್ಮೂರ ಕಲ್ಲೇ ತೆಗೆದುಕೊ ಎಂದಿದ್ದರು, ಲ್ಯಾಬಿನಲ್ಲಿ ಕಲ್ಲಿನ ತುಂಡಿಗೆ ಕಿರಣ ಬಿಟ್ಟು ಅಳೆಯುವುದು, ಕಂಪ್ಯೂಟರಿನಲ್ಲಿ ಗೋಡೆ ಕಟ್ಟಿ ಅದರ ಮೇಲೆ ಕಣ ಬಿಡುವುದು, ಎಷ್ಟು ಸತ್ತವು ಎಷ್ಟು ದಾಟಿದವು, ಗೋಡೆ ಇನ್ನಷ್ಟು ದಪ್ಪ, ಮತ್ತೆ ಬಿಡುವುದು, ಒಂದೂವರೆ ವರ್ಷ ಇದೇ, ಒಂದು ದಿನವೂ ಹೊಳೆಯಲಿಲ್ಲ, ನನ್ನ ಲೆಕ್ಕವೆಲ್ಲ ಗೋಡೆಯ ಈಚೆ ನಿಂತವರಿಗಾಗಿ, ಆಚೆ ಒಬ್ಬರು ಮಲಗಿರುತ್ತಾರೆ, ಅವರು ನನ್ನ ಚಿತ್ರದಲ್ಲಿ ಒಂದು ದುಂಡಗಿನ ನೀರಿನ ತುಂಡು, ನೀರೆಂದೇ ಬರೆಯಬೇಕು, ಮನುಷ್ಯರ ಮೈ ಬಹುಪಾಲು ನೀರು, ಆ ನೀರಿಗೆ ಹೆಸರಿಲ್ಲ, ಅದು ನನ್ನವ್ವ ಮಾಳಮ್ಮ ಅಲ್ಲ, ರೊಟ್ಟಿ ಬಡಿಯುವುದಿಲ್ಲ. ಗಾಡಿ ಹೊರಟಿತು, ಆಚೆಯ ಗಾಡಿಯೂ ಹೊರಟಿತು.

ಶಹಾಬಾದ್, ನೆಲಕ್ಕೆ ಹಾಸುವ ಫರಸಿಕಲ್ಲಿನ ರಾಶಿ, ಕಲಬುರಗಿ, ಆಟೊ, ದವಾಖಾನೆಯ ಫಿನಾಯಿಲ್ ವಾಸನೆ, ಬೆಂಚು, ಬಾಗಿಲ ಮೇಲಿನ ದೀಪ ಆರಿದೆ, ನನ್ನ ಕಣ್ಣು ತಾನಾಗಿಯೇ ಬಾಗಿಲಿನ ದಪ್ಪ ಅಳೆಯುತ್ತದೆ, ಸರಿಯಾಗಿದೆ, ಇಲ್ಲಿ ಕೂತವರಿಗೆ ಏನೂ ಆಗುವುದಿಲ್ಲ, ಮಾಳಮ್ಮ ಯಾರ್ರಿ, ಬರ್ರಿ ಎನ್ನುತ್ತಾನೆ ಹುಡುಗ, ಅವ್ವ ಏಳುತ್ತಾಳೆ, ಎರಡು ಹೆಜ್ಜೆ ಹೋದವಳು ನಿಲ್ಲುತ್ತಾಳೆ, ಮತ್ತೆ ಓಡುತ್ತಾಳೆ, ಓಡಿದರೆ ಮುಗಿಯಿತು — ನನ್ನ ಕಡೆಗೇ ಬಂದಳು, ಸೆರಗಿನ ಗಂಟು ಬಿಚ್ಚುತ್ತ, ಇದು ಒಂದೇ ಅದ ಏನು? ಒಂದೇ ಅವ್ವಾ. ನೀ ಎಲ್ಲಿ ಕುಂದ್ರಾಕಿ? ಇಲ್ಲೇ, ಈ ಬೆಂಚಿನ ಮ್ಯಾಲ. ಇಷ್ಟು ಹತ್ರ? ಹಂಗಾರ ನೀ ಹಾಕ್ಕೊ, ನಂದೇನದ, ನಂದು ಬಾಳುವಿ ಆಗ್ಯಾದ, ನೀ ಇನ್ನ ಇದರಾಗೇ ದುಡಿಯಾಕಿ, ನನಗ ಭಾಳ ಹೆದರಿಕಿ ಆಗ್ಲಿಕತ್ತದ ಖರೇ, ಆದ್ರೂ ಹೋಗ್ತೀನಿ — ಆಪರೇಷನ್ ಆದ ಕಡೆಯ ಕೈ ಮೇಲೆತ್ತಲು ಬರುವುದಿಲ್ಲ ಅವಳಿಗೆ, ಎತ್ತುತ್ತಾಳೆ, ಹಲ್ಲು ಕಚ್ಚಿ ಎತ್ತುತ್ತಾಳೆ, ನನ್ನ ಕುರ್ತಾಕ್ಕೆ ಡಬ್ಬಿಯನ್ನು ಒತ್ತಿ ಪಿನ್ನು ಚುಚ್ಚುತ್ತಾಳೆ, ಹೇಳಬೇಕು, ಈಗ ಹೇಳಬೇಕು, ಅವ್ವಾ ಇದು ಖಾಲಿ, ಹೇಳಿದರೆ ಇದೇ ಗಾಬರಿಯಲ್ಲಿ ನನ್ನ ಕೈಹಿಡಿದು ಎಳೆದುಕೊಂಡು ಊರಿಗೆ ಹೋಗುತ್ತಾಳೆ, ಹೇಳದಿದ್ದರೆ ಇದ್ದ ಒಂದೇ ರಕ್ಷೆಯನ್ನು ನನಗೆ ಬಿಟ್ಟೆನೆಂದುಕೊಂಡು ಬರಿಗೈಯಲ್ಲಿ ಒಳಗೆ ಹೋಗುತ್ತಾಳೆ, ಹೋದಳು, ತಿರುಗಿ ನೋಡದೆ ಹೋದಳು, ಹುಡುಗ ಹೊರಗೆ ಬಂದ, ಬಾಗಿಲು ಮುಚ್ಚಿತು, ಕೆಂಪು ದೀಪ, ಒಳಗೆ ಅವ್ವ, ಈಚೆ ನಾನು, ಕಣ್ಣೆದುರು ಪಿನ್ನಿನ ಬಾಯಿ ಸಿಗದೆ ತಡಕಾಡುವ ಅವ್ವನ ಹೆಬ್ಬೆರಳು, ಜೋಳದ ಹಿಟ್ಟು ಉಗುರಿನ ಸಂದಿಗೆ ಸೇರಿದ ಹೆಬ್ಬೆರಳು, ಒತ್ತುತ್ತದೆ, ಜಾರುತ್ತದೆ, ಮತ್ತೆ ಒತ್ತುತ್ತದೆ, ದೀಪ ಕೆಂಪಾಗಿಯೇ ಇದೆ, ಆ ಹೆಬ್ಬೆರಳು, ನನ್ನ ಎದೆಯ ಮೇಲೆ, ಒತ್ತುತ್ತದೆ, ಆ ಹೆಬ್ಬೆರಳು