ಪಕ್ಕದ ಹಳಿಯ ಹಾರ್ನ್

"ನಿಲ್ಲಿ ನಿಲ್ಲಿ, ಮೂಲೆ ಗೋಡೆಗೆ ತಾಗ್ತಿದೆ," ಅಂದ ಗ್ಯಾಂಗ್ ಮೇಸ್ತ್ರಿ.

ಶವಪೆಟ್ಟಿಗೆ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲೂ ಬಾರದು, ಕೆಳಗೂ ಹೋಗದು. ಹೊತ್ತ ಆರು ಜನರಲ್ಲಿ ಐವರು ಹಳಿ ರಿಪೇರಿಯ ಗ್ಯಾಂಗಿನವರು. ಕಬ್ಬಿಣ ಹೊತ್ತು ಹೆಗಲು ಪಳಗಿದವರೇ. ಆದರೆ ಹಳಿಯನ್ನು ಯಾರೂ ಮೆಟ್ಟಿಲಿಳಿಸುವುದಿಲ್ಲ.

"ತಲೆ ಕಡೆಯವರು ಎತ್ತಿ. ಕಾಲ ಕಡೆಯವರು ಬಗ್ಗಿ. ನಾನು ಹೇಳೋವರೆಗೂ ಯಾರೂ ಶೂರತನ ತೋರಿಸಬೇಡಿ."

"ಅಯ್ಯನವರು ಇದ್ದಾಗಲೂ ಈ ತಿರುವಲ್ಲೇ ನಿಂತು ಉಸಿರು ತಗೊಳ್ತಿದ್ರು," ಅಂದ ಒಬ್ಬ.

"ಈಗ ಅವರಿಗೆ ಉಸಿರಿನ ಚಿಂತೆ ಇಲ್ಲ, ನನಗಿದೆ. ಎತ್ತೋ."

ಆರನೆಯವನು ಗೂಡ್ಸ್ ಡ್ರೈವರ್. ತಲೆಯ ಕಡೆ ಎಡಮೂಲೆಗೆ ಹೆಗಲು ಕೊಟ್ಟಿದ್ದ. ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ಮಂಡಿ ಆಗಲೇ ನಿವೃತ್ತಿಯಾಗಿತ್ತು. ಪೆಟ್ಟಿಗೆ ಇಷ್ಟು ಹಗುರವಾಗಿರಬಾರದಿತ್ತು ಅನ್ನಿಸಿತು ಅವನಿಗೆ. ಆಸ್ಪತ್ರೆಯವರು ಮುಚ್ಚಳಕ್ಕೆ ಮೊಳೆ ಹೊಡೆದೇ ಕಳಿಸಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ರೈಲ್ವೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ಓರೆಯಾದಾಗ ಒಳಗೆ ಏನೋ ಅವನ ಕಡೆಗೆ ಜರುಗಿತು. ಅವನು ಕಣ್ಣು ಮುಚ್ಚಿ ಮುಂದಿನ ಮೆಟ್ಟಿಲನ್ನು ಕಾಲಲ್ಲಿ ಹುಡುಕಿದ.

ಸತ್ತವರು ರೈಲ್ವೆ ಪಾದ್ರಿ. ಊರ ಚರ್ಚಿಗೆ ಸೇರಿದವರಲ್ಲ, ರೈಲ್ವೆ ನೌಕರರಿಗೆಂದೇ ನೇಮಕವಾದವರು. ಸ್ಟೇಷನ್ನಿನ ಹಳೆಯ ದೀಪದ ಕೋಣೆ ಅವರ ಕಚೇರಿ. ಸೀಮೆಎಣ್ಣೆ ವಾಸನೆ ಮೂವತ್ತು ವರ್ಷವಾದರೂ ಹೋಗಿರಲಿಲ್ಲ. ಭಾನುವಾರದ ಪ್ರಾರ್ಥನೆಗೆ ಹತ್ತು ಜನ ಬಂದರೆ ಒಂಬತ್ತು ಜನ ಡ್ಯೂಟಿ ತಪ್ಪಿಸಿಕೊಂಡು ಬಂದವರು ಎಂದು ಅವರೇ ನಗುತ್ತಿದ್ದರು. ಉಳಿದ ಆರು ದಿನ ಹಳಿಯ ಪಕ್ಕ ನಡೆಯುತ್ತಿದ್ದರು. ಗ್ಯಾಂಗಿನ ಗುಡಿಸಲು, ಗೇಟಿನವನ ಗೂಡು, ಡ್ರೈವರುಗಳ ವಿಶ್ರಾಂತಿ ಕೋಣೆ. ತಲೆಗೊಂದು ಕಂದು ಟೋಪಿ, ಕಂಕುಳಲ್ಲಿ ಮಡಚುವ ಸ್ಟೂಲು. ಬೈಬಲ್ಲಿಗಿಂತ ಆ ಸ್ಟೂಲನ್ನೇ ಜನ ಹೆಚ್ಚು ನೋಡಿದ್ದರು.

ಕೆಳಗೆ ವ್ಯಾನಿನೊಳಗೆ ಪೆಟ್ಟಿಗೆ ತಳ್ಳಿ ಮೇಸ್ತ್ರಿ ಬೆವರೊರೆಸಿಕೊಂಡು ಗೂಡ್ಸ್ ಡ್ರೈವರ್ ಕಡೆ ತಿರುಗಿದ.

"ಅಣ್ಣಾ, ಅವಳು ಬಂದಿದ್ದಾಳಂತೆ."

"ಯಾರು?"

"ಇನ್ಯಾರು, ಆ ಪ್ಯಾಸೆಂಜರ್ ಓಡಿಸೋ ಹುಡುಗಿ. ಸ್ಮಶಾನದ ಗೇಟಲ್ಲಿ ನಿಂತಿದ್ದಾಳಂತೆ. ಎಂಟು ತಿಂಗಳಾಗಿಲ್ಲ ಎಂಜಿನ್ ಹತ್ತಿ. ಅಯ್ಯನವರು ಹಳಿ ಮೇಲೆ ಕಂಡಾಗ ಒಂದು ಹಾರ್ನ್ ಹೊಡೆಯೋಕೆ ಬೆರಳಿಗೇನು ಬಂದಿತ್ತು ಅವಳಿಗೆ? ಸದ್ಯ, ಅಲ್ಲೊಬ್ಬ ನೀನಿದ್ದೆ. ಇಲ್ಲದಿದ್ರೆ ಹೊಡೆದೆ ಅಂತಲೇ ಸಾಧಿಸಿಬಿಡ್ತಿದ್ಲು."

ಗೂಡ್ಸ್ ಡ್ರೈವರ್ ಅಂಗಿಯ ಹೆಗಲಿಗೆ ಹತ್ತಿದ್ದ ಸುಣ್ಣ ಕೊಡವಿದ. ಹೋಗಲಿಲ್ಲ. ಮತ್ತೆ ಮತ್ತೆ ಕೊಡವಿದ.

*

ಹನ್ನೆರಡು ವರ್ಷದ ಹಿಂದೆ, ಬೆಳ್ಳಂಬೆಳಗ್ಗೆ, ಅವನ ಗೂಡ್ಸಿಗೆ ಒಬ್ಬ ಮುದುಕ ಸಿಕ್ಕಿದ್ದ. ಕೈಯಲ್ಲಿ ಕೊಡೆ. ಹಳಿಯ ನಡುವೆ ಬೆನ್ನು ಹಾಕಿ ನಡೆಯುತ್ತಿದ್ದ. ಇವನು ಹಾರ್ನ್ ಹೊಡೆದ, ಬ್ರೇಕ್ ಹಾಕಿದ, ಮತ್ತೆ ಹಾರ್ನ್ ಹೊಡೆದ. ಮುದುಕ ತಿರುಗಲೇ ಇಲ್ಲ. ಐವತ್ತೆಂಟು ವ್ಯಾಗನ್ನಿನ ಗಾಡಿ ನಿಲ್ಲುವ ಹೊತ್ತಿಗೆ ಕೊಡೆ ಮಾತ್ರ ಸರಿಯಾಗಿ ಉಳಿದಿತ್ತು.

ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಯಾರೋ ಮಂಚದ ಪಕ್ಕ ಸ್ಟೂಲು ಬಿಚ್ಚಿದ ಸದ್ದಾಯಿತು.

"ಊಟ ಆಯ್ತಾ ತಮ್ಮಾ?"

"ನಾನು ನಿಮ್ಮ ಚರ್ಚಿನವನಲ್ಲ."

"ಊಟ ಆಯ್ತಾ ಅಂತ ಕೇಳಿದ್ದು."

ಮೂರು ದಿನ ಪಾದ್ರಿ ಬಂದರು. ದೇವರ ಸುದ್ದಿ ಎತ್ತಲಿಲ್ಲ. ಒಂದು ದಿನ ಇವನ ಬೂಟನ್ನು ಹೊರಗೆ ಒಯ್ದು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದು, ಬಿಸಿಲಿಗೆ ಒಣಗಿಸಿ ತಂದಿಟ್ಟರು. ಮತ್ತೆ ಡ್ಯೂಟಿಗೆ ಹತ್ತಿದ ದಿನ ಹೇಳದೆ ಕೇಳದೆ ಎಂಜಿನ್ನಿಗೆ ತಾವೂ ಹತ್ತಿದರು. ಅದು ಅವರ ಪದ್ಧತಿ ಎಂದು ಇವನಿಗೆ ಆಮೇಲೆ ಗೊತ್ತಾಯಿತು. ಯಾರ ಗಾಡಿಗೆ ಮನುಷ್ಯ ಸಿಕ್ಕರೂ ಆ ಡ್ರೈವರು ಅದೇ ಜಾಗವನ್ನು ಮೊದಲ ಸಲ ದಾಟುವಾಗ ಪಾದ್ರಿ ಅವನ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದರು.

ಆ ಜಾಗ ಬಂತು. ಇವನ ಅಂಗೈ ಹಾರ್ನಿನ ಗುಂಡಿಯ ಹತ್ತಿರವೂ ಹೋಗಲಿಲ್ಲ. ನಾನು ಹೊಡೆದೆ, ಅವನು ಕೇಳಲಿಲ್ಲ; ಇನ್ನು ಯಾಕೆ ಹೊಡೆಯಬೇಕು.

"ಹಾರ್ನ್ ಹೊಡಿ," ಅಂದರು ಪಾದ್ರಿ.

"ಯಾರಿಗೆ? ಅಲ್ಲಿ ಯಾರೂ ಇಲ್ಲ."

"ನಾನಿದ್ದೀನಲ್ಲ. ನನಗೆ ಹೊಡಿ."

ಹೊಡೆದ. ಎರಡು, ಚಿಕ್ಕದು. ಆಮೇಲೆ ಅಳು ಬಂತು. ಪಾದ್ರಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಮುಂದಿನ ಸಿಗ್ನಲ್ಲನ್ನೇ ನೋಡುತ್ತ ಕೂತರು.

ಅಂದಿನಿಂದ ಪಾದ್ರಿ ಹಳಿಯ ಬಳಿ ಎಲ್ಲಿ ಕಂಡರೂ ಎರಡು ಹಾರ್ನ್. ಅವರು ಡ್ರೈವರ್ ಕೂರುವ ಬದಿಗೇ ಬಂದು ನಿಂತು, ಮುಖ ಕಾಣುವ ಹಾಗೆ ಟೋಪಿ ಎತ್ತುತ್ತಿದ್ದರು. ಹನ್ನೆರಡು ವರ್ಷ.

*

ಸ್ಮಶಾನ ರೈಲು ಹಳಿಗೆ ಅಂಟಿಕೊಂಡೇ ಇತ್ತು. ನಡುವೆ ಒಂದು ಗೋಡೆ, ಅದೂ ಎದೆಯೆತ್ತರ. ರೈಲ್ವೆಯವರನ್ನು ಮಣ್ಣು ಮಾಡುವಾಗ ಮುಂದಿನ ಗಾಡಿಗೆ ಕಾಯುವುದು ಇಲ್ಲಿಯವರ ವಾಡಿಕೆ. ಗಾಡಿ ಗೋಡೆ ದಾಟುವಾಗ ಉದ್ದ ಹಾರ್ನ್ ಹೊಡೆಯುತ್ತದೆ, ಆಗ ಪೆಟ್ಟಿಗೆ ಇಳಿಸುತ್ತಾರೆ. ಇವತ್ತು ನಾಲ್ಕು ಹತ್ತರ ಪ್ಯಾಸೆಂಜರ್. ಮೂರು ದಿನದ ಹಿಂದೆ ಆ ಹುಡುಗಿ ಓಡಿಸುತ್ತಿದ್ದದ್ದೂ ಅದೇ ಗಾಡಿ. ಬೇರೆ ಗಾಡಿ ಇರಲಿಲ್ಲ.

ಅವಳು ಗೇಟಿನ ಹೊರಗೇ ನಿಂತಿದ್ದಳು. ಬಿಳಿ ಚಪ್ಪಲಿ, ಸಮವಸ್ತ್ರದ ಪ್ಯಾಂಟು, ಮೇಲೆ ಯಾರದೋ ದೊಡ್ಡ ಸ್ವೆಟರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಪೆಟ್ಟಿಗೆ ಹೊತ್ತು ಪಕ್ಕದಲ್ಲೇ ಹಾದಾಗ ಮೇಸ್ತ್ರಿ, "ದಾರಿ, ದಾರಿ," ಅಂದ. ಅವಳು ದಾರಿಯಲ್ಲಿ ಇರಲೇ ಇಲ್ಲ.

ಊರ ಚರ್ಚಿನ ಪಾದ್ರಿ ಪ್ರಾರ್ಥನೆ ಮುಗಿಸಿದರು. "ನಮ್ಮ ಸಹೋದರರು ತಮ್ಮ ಕರ್ತನ ಕರೆ ಕೇಳಿ ಹೊರಟರು," ಅಂದರು. ಗೂಡ್ಸ್ ಡ್ರೈವರ್ ಗುಂಡಿಯ ಅಂಚಿನ ಮಣ್ಣು ನೋಡಿದ.

ನಾಲ್ಕು ಹತ್ತಾಯಿತು, ನಾಲ್ಕೂಕಾಲಾಯಿತು.

"ಇಪ್ಪತ್ತು ನಿಮಿಷ ಲೇಟಂತೆ," ಅಂದ ಫೋನು ಕೆಳಗಿಟ್ಟ ಗ್ಯಾಂಗಿನವ.

"ಸತ್ತ ಮೇಲೂ ಪ್ಯಾಸೆಂಜರಿಗೆ ಕಾಯೋ ಹಣೆಬರಹ," ಅಂದ ಮೇಸ್ತ್ರಿ. ಯಾರೋ ಮೂಗಿನಲ್ಲೇ ನಕ್ಕು, ಕೆಮ್ಮಿದ ಹಾಗೆ ಮಾಡಿದರು.

ಪಾದ್ರಿಯ ಹೆಂಡತಿ ಗೋಡೆಯ ನೆರಳಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಸ್ಟೂಲು. ಅದು ಜಲ್ಲಿಯ ಮೇಲೆ ಒಂದು ಗೀರೂ ಇಲ್ಲದೆ ಸಿಕ್ಕಿತ್ತು. ಅವರು ಗೂಡ್ಸ್ ಡ್ರೈವರಿಗೆ ಕೈಸನ್ನೆ ಮಾಡಿದರು. ಅವನು ಹೋಗಿ ನಿಂತ.

"ಕೂತ್ಕೊಳ್ಳಿ."

"ಪರವಾಗಿಲ್ಲ ಅಕ್ಕ."

"ನೀವು ಎದುರಿಗೇ ಇದ್ರಂತಲ್ಲ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಕೊನೇ ಗಳಿಗೇಲಿ ಅವರು ಹೆದರಿದ್ರಾ?"

ಇದಕ್ಕೆ ಉತ್ತರ ಅವನಿಗೆ ಗೊತ್ತಿತ್ತು. ಈ ಒಂದನ್ನಾದರೂ ಕೊಡಬಹುದು ಅನ್ನಿಸಿತು.

"ಇಲ್ಲ ಅಕ್ಕ. ಒಂಚೂರೂ ಇಲ್ಲ. ನಗ್ತಾ ಇದ್ರು. ಟೋಪಿ ಎತ್ತಿದ್ರು."

ಅವರ ಮುಖ ಸಡಿಲವಾಯಿತು. ಸ್ಟೂಲಿನ ಬಟ್ಟೆ ಸವರಿದರು. ಆಮೇಲೆ ಕೈ ನಿಂತಿತು.

"ಟೋಪಿ ಯಾರಿಗೆ ಎತ್ತಿದ್ರು?"

*

ಮೂರು ದಿನದ ಹಿಂದೆ, ಕಣಿವೆಯ ತಿರುವಿನಲ್ಲಿ, ಪಾದ್ರಿ ಇವನದೇ ಹಳಿಯ ಮೇಲೆ ಎದುರಾಗಿ ಬರುತ್ತಿದ್ದರು. ಗೂಡ್ಸ್ ಕಂಡದ್ದೇ ಹಳಿ ಬಿಟ್ಟರು. ಹೊರಗಿನ ಕಾಲುದಾರಿಗೆ ಇಳಿಯಬೇಕಿತ್ತು. ಅದನ್ನು ಅವರೇ ಎಷ್ಟೋ ಹೊಸಬರಿಗೆ ಹೇಳಿಕೊಟ್ಟಿದ್ದರು. ಆದರೆ ಡ್ರೈವರ್ ಕೂರುವುದು ಕಾಲುದಾರಿಯ ಕಡೆಗಲ್ಲ, ಈ ಬದಿಗೆ. ಮುಖ ಕಾಣಬೇಕಲ್ಲ. ಪಕ್ಕದ ಹಳಿಯ ಮೇಲೆ ನಿಂತರು.

ಹನ್ನೆರಡು ವರ್ಷದ ಕೊನೆಯ ಕೆಲವು ಟ್ರಿಪ್ಪುಗಳು. ಇವನಿಗೆ ಖುಷಿಯಾಯಿತು. ಎರಡು ಚಿಕ್ಕದರ ಬದಲು ಅವತ್ತು ಗುಂಡಿಯನ್ನು ಒತ್ತಿ ಹಿಡಿದ. ಅಸಿಸ್ಟೆಂಟ್ ಹಿಂದೆ ಮೀಟರು ನೋಡಲು ಹೋಗಿದ್ದ. ಹಾರ್ನ್ ಕಣಿವೆಯ ಎರಡೂ ಗೋಡೆಗೆ ಬಡಿದು ತುಂಬಿಕೊಂಡಿತು. ಆಗ ಪಾದ್ರಿಯ ಬೆನ್ನ ಹಿಂದೆ, ತಿರುವಿನಲ್ಲಿ, ಪ್ಯಾಸೆಂಜರಿನ ಮೂತಿ ಕಾಣಿಸಿತು. ಇವನ ಅಂಗೈ ಗುಂಡಿಯಿಂದ ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿತು. ಪಾದ್ರಿ ಟೋಪಿಯನ್ನು ಇನ್ನಷ್ಟು ಮೇಲೆತ್ತಿ ನಕ್ಕರು.

ಎದುರು ಗಾಜಿನ ಹಿಂದೆ ಆ ಹುಡುಗಿಯ ಬಾಯಿ ತೆರೆದಿತ್ತು. ಬಲತೋಳು ಮುಂದಕ್ಕೆ ಚಾಚಿತ್ತು.

ವಿಚಾರಣೆಯ ಅಧಿಕಾರಿ ಕೇಳಿದ್ದು ಒಂದೇ: "ಪ್ಯಾಸೆಂಜರ್ ಹಾರ್ನ್ ಹೊಡೆದದ್ದು ನಿಮಗೆ ಕೇಳಿಸಿತೇ?"

ಇವನು ಬರೆದುಕೊಟ್ಟ: ನನಗೆ ಕೇಳಿಸಲಿಲ್ಲ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಂಜೆ ಹೊತ್ತಿಗೆ ಹುಡುಗಿಯನ್ನು ಕೆಲಸದಿಂದ ಅಮಾನತು ಮಾಡಿದರು. ಹಾರ್ನ್ ಹೊಡೆದದ್ದಕ್ಕೆ ತನಗೆ ದೊಡ್ಡ ಶಿಕ್ಷೆಯೇನೂ ಆಗುವುದಿಲ್ಲ ಎಂದು ಇವನಿಗೆ ಗೊತ್ತಿತ್ತು. ಹೆದರಿದ್ದು ಅದಕ್ಕಲ್ಲ. ಪಾದ್ರಿ ತನ್ನ ಕೈಗೆ ಮರಳಿಸಿದ ಹಾರ್ನೇ ಪಾದ್ರಿಯನ್ನು ಹಿಡಿದು ನಿಲ್ಲಿಸಿತು ಎಂದು ಒಮ್ಮೆ ಬರೆದರೆ, ಹನ್ನೆರಡು ವರ್ಷ ಹೊಡೆದದ್ದೆಲ್ಲ ಏನಾಗುತ್ತದೆ?

*

"ನನಗೆ," ಅಂದ ಗೂಡ್ಸ್ ಡ್ರೈವರ್. "ನನಗೆ ಎತ್ತಿದ್ರು."

"ಹಾಗಾದ್ರೆ ನೀವು ಹಾರ್ನ್ ಹೊಡೆದ್ರಿ."

ಅವನು ಹೌದೆಂದು ತಲೆಯಾಡಿಸಿದ.

"ನಂಗೊತ್ತು. ದಿನಾ ಬಂದು ಹೇಳೋರು. ಇವತ್ತು ನನ್ನ ಗೂಡ್ಸಿನವನು ಎರಡು ಹೊಡೆದ ಕಣೇ ಅಂತ. ಚಪ್ಪಲಿ ಬಿಡೋಕೆ ಮೊದಲು ಅದೇ ಸುದ್ದಿ." ಅವರ ದನಿ ತೆಳುವಾಯಿತು. "ಎರಡೇ ತಾನೇ ಹೊಡೆದದ್ದು?"

"ಅಲ್ಲ ಅಕ್ಕ. ಉದ್ದಕ್ಕೆ ಒತ್ತಿ ಹಿಡಿದೆ. ಅವಳ ಗಾಡಿ ಕಂಡ ಮೇಲೂ ಬಿಡಲಿಲ್ಲ. ಅವಳು ನೂರು ಸಲ ಹೊಡೆದಿದ್ರೂ ಆ ಸದ್ದಲ್ಲಿ ಯಾರಿಗೂ ಕೇಳ್ತಿರಲಿಲ್ಲ. ಅವರಿಗೂ ಕೇಳಿರಲ್ಲ."

ಹತ್ತಿರದಲ್ಲೇ ಹಗ್ಗ ಸುತ್ತುತ್ತಿದ್ದ ಮೇಸ್ತ್ರಿಯ ಕೈ ನಿಂತಿತು.

"ಮೂರು ದಿನ," ಅಂದರು ಪಾದ್ರಿಯ ಹೆಂಡತಿ. "ನನ್ನ ಮನೇಲಿ ಕೂತು ಎಲ್ಲರೂ ಆ ಮಗೂನ ಬಾಯಿಗೆ ಬಂದ ಹಾಗೆ ಬೈದ್ರು. ನಾನೂ ಬೈದೆ. ನೀವು ಅಲ್ಲೇ ಕೂತು ಚಹಾ ಕುಡಿದ್ರಿ."

"ಅಕ್ಕ..."

"ನನ್ನ ಅಕ್ಕ ಅನ್ನಬೇಡಿ." ಅವರು ಸ್ಟೂಲನ್ನು ಅವನ ಎದೆಗೆ ಒತ್ತಿದರು. "ತಗೊಂಡು ಹೋಗಿ. ಮೊದಲು ಅವಳಿಗೆ ಹೇಳಿ. ಆಮೇಲೆ ಎಲ್ಲಿ ಬರೀಬೇಕೋ ಅಲ್ಲಿ ಬರೀರಿ. ಇವತ್ತೇ."

ದೂರದ ಸಿಗ್ನಲ್ ಹಸಿರಾಯಿತು. ಗ್ಯಾಂಗಿನವರು ಹಗ್ಗ ಹಿಡಿದು ಗುಂಡಿಯ ಸುತ್ತ ನಿಂತರು. ತಲೆಯ ಕಡೆಯ ಎಡಮೂಲೆ ಖಾಲಿಯಿತ್ತು. ಅವನ ಕಾಲು ಆ ಕಡೆಗೇ ತಿರುಗಿತು.

"ಆ ಹಗ್ಗ ನಾನು ಹಿಡೀತೀನಿ," ಅಂದ ಮೇಸ್ತ್ರಿ, ಮುಖ ನೋಡದೆ. ಈ ಸಲ ಅಣ್ಣಾ ಅನ್ನಲಿಲ್ಲ.

ಅವನು ಗೇಟಿನ ಕಡೆ ನಡೆದ. ಮಂಡಿ ನೋಯುತ್ತಿತ್ತು. ಹುಡುಗಿ ಅವನು ಬರುವುದನ್ನು ನೋಡಿ ಹಿಂದೆ ಸರಿದಳು.

"ನಾನು ಹೋಗ್ತೀನಿ ಸರ್. ಸುಮ್ನೆ ದೂರದಿಂದ ನೋಡೋಣ ಅಂತ..."

"ನಿಲ್ಲಮ್ಮ." ಅವನು ಸ್ಟೂಲು ಬಿಚ್ಚಿ ಇಬ್ಬರ ನಡುವೆ ಇಟ್ಟ. ಯಾರೂ ಕೂರಲಿಲ್ಲ. ನಿಂತೇ ಹೇಳಿದ, ಗೇಟಿನ ಸರಳುಗಳ ಈಚೆಯಿಂದ. ಖುಷಿಗೆ ಒತ್ತಿದ್ದು, ಕೈ ಬಿಡದೆ ಇದ್ದದ್ದು, ಬರೆದುಕೊಟ್ಟ ಒಂದು ಸಾಲು. ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಬಯ್ಯಲಿಲ್ಲ.

"ನಾನು ಹೊಡೆದೆನಾ ಸರ್?" ಅಂದಳು.

"ಏನು?"

"ಮೊದಲ ದಿನ ಹೊಡೆದೆ ಅಂತ ಗೊತ್ತಿತ್ತು. ಎಲ್ಲರೂ ಇಲ್ಲ ಅಂದ್ರು. ನಿಮಗೂ ಕೇಳಿಸಲಿಲ್ಲ ಅಂದ್ರು. ನಿನ್ನೆಯಿಂದ ನನಗೇ ನೆನಪು ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಟೋಪಿ ಕಾಣುತ್ತೆ, ನನ್ನ ಕೈ ಕಾಣಲ್ಲ. ನೀವು ನೋಡಿದ್ರಾ? ನಾನು ಹೊಡೆದೆನಾ?"

"ನಿನ್ನ ತೋಳು ಚಾಚಿತ್ತು. ಅಷ್ಟು ಕಂಡೆ."

"ಒತ್ತಿದೆನಾ?"



ಹಳಿ ಗುನುಗತೊಡಗಿತು. ಪ್ಯಾಸೆಂಜರ್ ತಿರುವು ದಾಟಿ ಬಂತು, ವೇಗ ತಗ್ಗಿಸಿತ್ತು. ಗುಂಡಿಯ ಸುತ್ತ ತಲೆಗಳು ಬಾಗಿದವು. ಗೋಡೆಯ ಮೊದಲ ಕಲ್ಲಿಗೆ ಬಂದಾಗ ಹಾರ್ನ್ ಹೊಡೆಯಿತು. ಹಗ್ಗ ಜಾರಿತು, ಪೆಟ್ಟಿಗೆ ಇಳಿಯತೊಡಗಿತು. ಅವನು ಆ ಕಡೆ ನೋಡಲಿಲ್ಲ. ನೋಡುತ್ತಿದ್ದದ್ದು ಹುಡುಗಿಯ ಕೈಯನ್ನು.

ಹಾರ್ನ್ ಕೇಳಿದ ಕ್ಷಣವೇ ಅವಳ ಬಲಗೈ ತಾನಾಗಿ ಎದ್ದು, ಗೇಟಿನ ಚಿಲಕದ ಗುಬುಟಿಗೆ ಹೋಗಿ ಬಿದ್ದಿತ್ತು. ಅಂಗೈಯ ಬುಡದಿಂದ, ತೋಳಿನ ಪೂರ್ತಿ ಭಾರ ಹಾಕಿ ಒತ್ತಿದ್ದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಗೇಟು ನಡುಗಿ, ನಡುವೆ ನಿಂತ ಸ್ಟೂಲಿಗೆ ತಗುಲುತ್ತಿತ್ತು. ಹಾರ್ನ್ ನಿಂತಿತು. ಕೊನೆಯ ಬೋಗಿ ಗೋಡೆ ದಾಟಿತು. ಮೊದಲ ಹಿಡಿ ಮಣ್ಣು ಹಲಗೆಯ ಮೇಲೆ ಬಿದ್ದ ಸದ್ದು ಕೇಳಿಸಿತು.

ಅವಳು ಇನ್ನೂ ಒತ್ತಿಯೇ ಇದ್ದಳು.