ಬಲೆ ಹಿಡಿಯುವ ಕಲ್ಲುಗಳು

ಗಾರೆ ಮೇಸ್ತ್ರಿ ಹುಟ್ಟಿ ಬೆಳೆದದ್ದು ಬಂದರಿನ ಊರಿನಲ್ಲೇ ಆದರೂ ಸಮುದ್ರದ ಗೊಡವೆ ಅವನಿಗೆ ಇರಲಿಲ್ಲ. ತಳಪಾಯ, ಮೆಟ್ಟಿಲು, ನೀರಿನ ತೊಟ್ಟಿ, ಇಷ್ಟೇ ಅವನ ಪ್ರಪಂಚ. ಹಾಗಾಗಿ ಗಾಳ ಹಾಕಿ ಬದುಕುವ ನಾಲ್ಕಾರು ಮಂದಿ ಅವನ ಅಂಗಳಕ್ಕೆ ಬಂದು, ಸಮುದ್ರಕ್ಕೆ ಇಳಿಸಲು ಕಾಂಕ್ರೀಟಿನ ಪೆಟ್ಟಿಗೆಗಳು ಬೇಕು ಎಂದಾಗ ನಕ್ಕುಬಿಟ್ಟ.

"ಹೊಳೇಲಿ ಹುಣಸೆಹಣ್ಣು ತೊಳೆಯೋರನ್ನ ಕೇಳಿದ್ದೆ. ನೀವು ಸಿಮೆಂಟೇ ಕದಡೋಕೆ ಹೊರಟಿದ್ದೀರಲ್ಲ!"

ಅವರಲ್ಲಿ ಹಿರಿಯ, ಒಡೆದ ದನಿಯಿಂದಾಗಿ ಎಲ್ಲರ ಬಾಯಲ್ಲೂ 'ಗೊಗ್ಗರಜ್ಜ' ಆಗಿದ್ದವನು, ನಗದೆ ವಿವರಿಸಿದ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಒಂದು ದಿಬ್ಬವಿದೆ. ಅದರ ಮೇಲಿನ ಹುಲ್ಲಿನಲ್ಲೇ ಮೀನು ಮೊಟ್ಟೆ ಇಡುವುದು, ಮರಿ ಬೆಳೆಯುವುದು. ಕಂಪನಿಯ ದೊಡ್ಡ ಬೋಟುಗಳು ಬಲೆಯನ್ನು ತಳಕ್ಕೆ ಇಳಿಸಿ, ಭಾರದ ಸರಪಳಿಯ ಸಮೇತ ಆ ಹುಲ್ಲಿನ ಮೇಲೇ ಎಳೆದುಕೊಂಡು ಹೋಗುತ್ತವೆ. ದೊಡ್ಡ ಮೀನು ಮುಗಿಯಿತು. ಈಗ ಬೆರಳುದ್ದದ ಮರಿಗಳನ್ನು ಬಾಚಿ ಕೋಳಿ ಆಹಾರದ ಕಾರ್ಖಾನೆಗೆ ಸುರಿಯುತ್ತಿದ್ದಾರೆ.

"ಅಲ್ಲಿ ಬಲೆ ಎಳೀಬಾರದು ಅಂತ ಬೋರ್ಡ್ ಇದೆಯಲ್ಲಜ್ಜ?"

"ಬೋರ್ಡು ದಡದಲ್ಲಿದೆ, ಬೋಟು ನೀರಲ್ಲಿದೆ. ಪೆಟ್ಟಿಗೆಗೆ ಬಲೆ ಸಿಕ್ಕೊಂಡು ಹರಿಯತ್ತೆ ಅಂತ ಭಯ ಇದ್ರೆ ಮಾತ್ರ ಬರಲ್ಲ. ಇದಕ್ಕೆ ಬಂದರು ಕಚೇರಿಯವರೂ ಒಪ್ಪಿದ್ದಾರಪ್ಪ."

ಮೇಸ್ತ್ರಿ ಕೆಲಸ ಹಿಡಿದ. ಪೆಟ್ಟಿಗೆಯ ಎಲ್ಲ ಗೋಡೆಗಳಿಗೂ ಮೀನು ನುಸುಳುವಷ್ಟು ಕಿಂಡಿ ಬಿಟ್ಟ. ಮೂಲೆಗಳಲ್ಲಿ ಕಬ್ಬಿಣದ ಸರಳುಗಳನ್ನು ಹೊರಚಾಚಿಸಿ ಕೊಕ್ಕೆಯಂತೆ ಬಗ್ಗಿಸಿದ. ಹೆಂಡತಿ ಬಟ್ಟೆ ಒಣಹಾಕುತ್ತಾ ಅದನ್ನು ನೋಡಿದಳು.

"ರೀ, ಇದರ ಮೇಲೆ ಬೋಟ್ ಓಡಿಸೋನು ನನ್ನ ತಮ್ಮ. ನೆನಪಿದೆ ತಾನೇ?"

ನೆನಪಿತ್ತು. ಭಾವಮೈದುನ ಕಂಪನಿಯ ಬೋಟೊಂದರ ಚಾಲಕ. ರಜೆಯ ದಿನ ಊಟಕ್ಕೆ ಬಂದವನು ಪೆಟ್ಟಿಗೆಯ ಕಿಂಡಿಯಲ್ಲಿ ತಲೆ ತೂರಿಸಿ, "ಮೀನಿಗೆ ಬಾಡಿಗೆ ಮನೆನಾ ಭಾವ? ಗಾಳಿ ಬೆಳಕು ಚೆನ್ನಾಗಿದೆ," ಎಂದ.

"ತಮಾಷೆ ಬಿಡು. ಇವನ್ನ ಇಳಿಸಿದ ಜಾಗದ ಸುತ್ತ ಕೆಂಪು ತೇಲುಗುಂಡು ಕಟ್ತೀವಿ. ಅದರೊಳಗೆ ಬರಬೇಡ."

"ನಾನಾಗೇ ಬರ್ತೀನಾ? ಮ್ಯಾನೇಜರ್ ಕಳಿಸ್ತಾನೆ. ಹೊರಗಿನ ಆಳದಲ್ಲಿ ಈಗ ಏನಿದೆ? ಬರಿಗೈಲಿ ವಾಪಸ್ ಬಂದ್ರೆ ನಾಳೆ ಇನ್ನೊಬ್ಬ ಚುಕ್ಕಾಣಿ ಹಿಡೀತಾನೆ."

"ಕೆಲಸ ಇನ್ನೊಂದು ಸಿಗತ್ತೆ. ನನಗೆ ಇನ್ನೊಬ್ಬ ತಮ್ಮ ಸಿಗಲ್ಲ," ಎಂದು ಅಕ್ಕ ಸೌಟು ಕುಕ್ಕಿದಳು.

ಕ್ರೇನ್ ಹೊತ್ತ ಚಪ್ಪಟೆ ತಳದ ಬಾರ್ಜ್ ದೋಣಿಯಿಂದ ಪೆಟ್ಟಿಗೆಗಳು ಒಂದೊಂದಾಗಿ ದಿಬ್ಬಕ್ಕೆ ಇಳಿದವು. ಕೆಲವು ವಾರ ಬೋಟುಗಳು ಅತ್ತ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಗೊಗ್ಗರಜ್ಜ ಏದುಸಿರು ಬಿಡುತ್ತಾ ಬಂದ. ತೇಲುಗುಂಡುಗಳು ಒಂದೂ ಇಲ್ಲ, ಯಾರೋ ಹಗ್ಗ ಕೊಯ್ದಿದ್ದಾರೆ. ಮೇಸ್ತ್ರಿ ಕರಣೆ ಬಿಸಾಡಿ ಭಾವಮೈದುನನಿಗೆ ಫೋನ್ ಮಾಡಿದ. ಹತ್ತಲಿಲ್ಲ. ಬೋಟು ಕಟ್ಟುವ ಧಕ್ಕೆಗೆ ಓಡಿದರೆ ಅವನ ಬೋಟು ಹೊರಟಾಗಿತ್ತು. ಇಬ್ಬರೂ ಅಜ್ಜನ ದೋಣಿ ಹತ್ತಿದರು.

ಅವರು ತಲುಪುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಬಲೆ ಕೊಕ್ಕೆಗೆ ಸಿಕ್ಕು ಬೋಟು ಒಂದು ಮಗ್ಗುಲಿಗೆ ವಾಲಿತ್ತು. ಅಲೆ ನೇರವಾಗಿ ಒಳಗೆ ನುಗ್ಗುತ್ತಿತ್ತು.

"ಹಗ್ಗ ಕಡಿಯೋ!" ಎಂದು ಮೇಸ್ತ್ರಿ ಗಂಟಲು ಹರಿಯುವಂತೆ ಕೂಗಿದ.

ಭಾವಮೈದುನ ಕೊಡಲಿ ಎತ್ತಿಕೊಂಡವನು ಒಂದು ಗಳಿಗೆ ನಿಂತ. ಆ ಬಲೆ ಹೋದರೆ ತನ್ನ ಕೆಲಸವೂ ಹೋದಂತೆ ಎಂದು ಅವನಿಗೆ ಗೊತ್ತಿತ್ತು. ಆಮೇಲೆ ಬೀಸಿದ. ಹಗ್ಗ ಚಟಾರನೆ ಹರಿದು ಬೋಟು ನೆಟ್ಟಗಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಕಂಪನಿ ಮರುದಿನವೇ ಅವನನ್ನು ಮನೆಗೆ ಕಳಿಸಿತು. ಅವನು ಸೀದಾ ಅಕ್ಕನ ಮನೆಗೆ ಬಂದ.

"ನಿನ್ನ ಗಂಡನ ಕಲ್ಲು ನನ್ನ ಅನ್ನ ಕಿತ್ಕೊಂಡ್ತು."

"ತೇಲುಗುಂಡು ಕೊಯ್ದೋರು ಯಾರು ಅಂತ ಮ್ಯಾನೇಜರನ್ನ ಕೇಳಿದ್ಯಾ? ಅವನ ಮುಂದೆ ಬಾಯಿ ಬರಲ್ಲ, ಇಲ್ಲಿ ಬಂದು ಕೂಗಾಡ್ತೀಯ."

ಅವಳು ತಟ್ಟೆಗೆ ಅನ್ನ ಹಾಕಿದಳು. ಅವನು ಉಂಡ. ಭಾವನ ಜೊತೆ ಮಾತ್ರ ಮಾತು ಬಿಟ್ಟ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ.

ಮೌನ ಮುರಿದದ್ದು ಗೊಗ್ಗರಜ್ಜ. ಹರಿದ ಬಲೆ ಇನ್ನೂ ಪೆಟ್ಟಿಗೆಗಳ ಮೇಲೆ ಹರಡಿಕೊಂಡಿತ್ತು. ಎಳೆಯುವವರಿಲ್ಲದಿದ್ದರೂ ಅದು ಮೀನು ಹಿಡಿಯುವುದನ್ನು ಬಿಟ್ಟಿರಲಿಲ್ಲ. "ಅದರ ಬಾಯಿ ಎಲ್ಲಿ, ಬಾಲ ಎಲ್ಲಿ ಅಂತ ನಿನಗೇ ಗೊತ್ತು. ಬಂದು ತೋರಿಸಪ್ಪ," ಎಂದು ಕರೆದ. ಭಾವಮೈದುನ ಒಲ್ಲೆ ಎಂದ. ಎರಡನೆಯ ಸಲ ಕರೆದಾಗ ಚಪ್ಪಲಿ ಮೆಟ್ಟಿ ಹೊರಟ.

ಕ್ರೇನ್ ಬಲೆಯನ್ನು ಮೇಲೆತ್ತಿದಾಗ ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಂಡರು. ಕೊಳೆತ ಮೀನು, ಅದನ್ನು ತಿನ್ನಲು ಬಂದು ಸಿಕ್ಕಿಕೊಂಡ ಏಡಿ, ಕತ್ತು ಉಬ್ಬಿದ ಒಂದು ಆಮೆ, ಬುಡ ಸಮೇತ ಕಿತ್ತ ಹುಲ್ಲಿನ ಕಂತೆ. ಹುಲ್ಲಿಗೆ ಅಂಟಿದ್ದ ಮೊಟ್ಟೆಗಳು ಬೆಳ್ಳಗೆ ಸತ್ತಿದ್ದವು. ಭಾವಮೈದುನ ಇಷ್ಟು ವರ್ಷ ಇದನ್ನೆಲ್ಲ ದಿನವೂ ಕಂಡವನೇ. ಆದರೆ ಆಗೆಲ್ಲ ಅದು ಗಳಿಗೆಯಲ್ಲಿ ಸಲಿಕೆಯ ಪಾಲಾಗಿ ಬೋಟಿನ ಉಗ್ರಾಣಕ್ಕೆ ಹೋಗುತ್ತಿತ್ತು. ಈಗ ಅವಸರಪಡಿಸುವವರು ಯಾರೂ ಇರಲಿಲ್ಲ. ಅವನು ಚಾಕು ಹಿಡಿದು ಕುಳಿತು, ಜೀವ ಇದ್ದ ಏಡಿಗಳನ್ನು ಬಿಡಿಸಿ ನೀರಿಗೆ ಬಿಡತೊಡಗಿದ. ಮೇಸ್ತ್ರಿಯೂ ಪಕ್ಕಕ್ಕೆ ಹೋಗಿ ಕುಳಿತ.

"ಹಿಂಗಾಲಿನ ಕಡೆಯಿಂದ ಬಿಡಿಸು ಭಾವ. ಇಲ್ಲಾಂದ್ರೆ ಕಚ್ಚತ್ತೆ," ಎಂದ ಭಾವಮೈದುನ. ರಾಜಿಯಾದದ್ದು ಅಷ್ಟರಲ್ಲೇ.

ಮುಂದಿನ ವರ್ಷ ದಿಬ್ಬದಲ್ಲಿ ಹುಲ್ಲು ಅಲ್ಲಲ್ಲಿ ಚಿಗುರಿತು. ಮೀನು ಬಂತು ಎನ್ನುವಷ್ಟು ಬರಲಿಲ್ಲ, ಬರಲೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಪಕ್ಕದ ಬಂದರಿನವರು ತಮಗೂ ಪೆಟ್ಟಿಗೆ ಬೇಕೆಂದು ಬಂದರು. ಎಲ್ಲಿ ಇಳಿಸಬೇಕೆಂದು ತೋರಿಸುವ ಕೆಲಸ ಭಾವಮೈದುನನದಾಯಿತು. ಬೋಟುಗಳು ಯಾವ ಜಾಡಿನಲ್ಲಿ ಬರುತ್ತವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. "ಕಳ್ಳನ ದಾರಿ ಕಳ್ಳನಿಗೇ ಗೊತ್ತು," ಎಂದು ಗೊಗ್ಗರಜ್ಜ ಎದುರಿಗೇ ಅಂದರೆ ಅವನೂ ನಗುತ್ತಿದ್ದ.

ಪ್ರತಿ ಸಲ ಕಲ್ಲು ಇಳಿಸಿದ ಮೇಲೆ ಅವನು ಕಂಪನಿಯ ಹಳೆಯ ಗೆಳೆಯನಿಗೆ ಫೋನ್ ಮಾಡುತ್ತಿದ್ದ. ಅವನ ಹಳೆಯ ಚುಕ್ಕಾಣಿ ಈಗ ಆ ಗೆಳೆಯನ ಕೈಯಲ್ಲಿತ್ತು.

"ತೇಲುಗುಂಡು ಕಾಣಿಸದೇ ಇದ್ರೂ ಈ ಕಡೆ ಬರಬೇಡ. ಕಲ್ಲಿದೆ."

"ಮತ್ತೆಲ್ಲಿಗೆ ಹೋಗ್ಲಿ ಮಾರಾಯ? ಎಲ್ಲ ಕಡೇನೂ ಗುಡಿಸಿ ಹಾಕಿದ್ದೀವಲ್ಲ," ಎಂದ ಗೆಳೆಯ ಒಂದು ಸಲ.

ಇವನು "ಇಲ್ಲಿಗಂತೂ ಬೇಡ," ಎಂದು ಹೇಳಿ, ಕ್ರೇನಿನವನಿಗೆ ಮುಂದಿನ ಜಾಗ ತೋರಿಸಲು ಎದ್ದ.