ಹನ್ನೊಂದೂವರೆಯ ತುಂತುರು

ತನುಜ ಕಂಪ್ಯೂಟರಿನ ಗುಂಡಿ ಒತ್ತಿದಳು. ಪಕ್ಕದ ಕೋಣೆಯಲ್ಲಿ ತುಂತುರು ಯಂತ್ರ ಗುಂಯ್ ಎಂದು ಶುರುವಾಯಿತು. ಬೆಳಗಿನಿಂದ ಇದು ನಾಲ್ಕನೇ ಸಲ. ಅವಳು ಕೈಯಾರೆ ನಡೆಸಿದರೆ ಎಲ್ಲ ಸರಿ. ಅರ್ಧ ಗಂಟೆಗೊಮ್ಮೆ ತಾನಾಗಿಯೇ ನಡೆಯಬೇಕಾದ ಕೆಲಸ ಮಾತ್ರ ನಡೆಯುತ್ತಿಲ್ಲ.

ಶಿಡ್ಲಘಟ್ಟ ರಸ್ತೆಯ ಆ ಚಾಕಿ ಕೇಂದ್ರದಲ್ಲಿ, ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಕಳೆಯುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುತ್ತಾರೆ. ಇರುವೆಯಷ್ಟೂ ಇಲ್ಲದ ಜೀವ. ಗಾಳಿಯಲ್ಲಿ ತೇವ ಇಳಿದರೆ ಸೊಪ್ಪು ಬಾಡಿ, ತಿನ್ನಲಾಗದೆ ಸೊರಗುತ್ತವೆ. ತೇವ ಅಳೆದು ತುಂತುರು ಬಿಡಿಸುವ ಕೆಲಸವನ್ನು ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪಿಗೆ ವಹಿಸಿದ್ದರು. ಆ ಡೆಸ್ಕ್‌ಟಾಪನ್ನು ಆರು ತಿಂಗಳ ಹಿಂದೆ ತನುಜಳಿಗೆ. ಈಗ ಮೂರು ದಿನದಿಂದ ಕೋಣೆ ಒಣಗುತ್ತಿತ್ತು. ತಟ್ಟೆಗಳಲ್ಲಿ ಒಂದು ಹುಳು ದಪ್ಪ, ಒಂದು ಸಣ್ಣ.

ಮಾಲೀಕ ಚೆನ್ನರಾಯಪ್ಪನವರಿಗೆ ಕಂಪ್ಯೂಟರ್ ಮೇಲೆ ದೇವರಷ್ಟೇ ನಂಬಿಕೆ. ತಪ್ಪೇನಿದ್ದರೂ ಅದು ಮನುಷ್ಯರದು. "ಆ ಕೋನಪ್ಪ ಸ್ವಿಚ್ ಆರಿಸ್ಬಿಟ್ಟು ಮಲಗ್ತಾನೆ ಕಣಮ್ಮ" ಎಂದವರೇ, ಹನ್ನೆರಡು ವರ್ಷ ಹುಳು ನೋಡಿಕೊಂಡಿದ್ದ ಸಾದಲಿಯ ಕೋನಪ್ಪನಿಗೆ ಬೆಳಿಗ್ಗೆ ಇನ್ನು ಬರಬೇಡವೆಂದು ಹೇಳಿಬಿಟ್ಟಿದ್ದರು. ಅವನು ಹಾಗೇ ಹೊರಟುಬಿಟ್ಟಿದ್ದ. ರಸ್ತೆಯಾಚೆ ಬಸ್ಸಿಗೆ ಕಾಯುತ್ತ ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು.

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕೇಳದೆ ಸತ್ಯವನ್ನೂ ಹೇಳುವುದಿಲ್ಲ. ಕಂಪ್ಯೂಟರ್ ಮಾಡಿದ್ದೆಲ್ಲ ದಾಖಲಾಗುವ ಲಾಗ್ ಫೈಲು ತೆರೆಯಲು ತನುಜಳಿಗೆ ತೋಚಿದ್ದು ಆಗ. ಪರದೆಯ ತುಂಬ ಒಂದೇ ಮಾತು: ಪರ್ಮಿಷನ್ ಡಿನೈಡ್, ಅನುಮತಿ ಇಲ್ಲ. ಮೇಲಕ್ಕೆ ಸರಿಸುತ್ತ ಹೋದಳು. ಮೊದಲ ಸಾಲು ಸೋಮವಾರ ಸಂಜೆ ನಾಲ್ಕೂವರೆಯದು.

ಸೋಮವಾರ ನಾಲ್ಕು ಗಂಟೆಗೆ ತಾನೇನು ಮಾಡಿದ್ದೆನೆಂದು ಅವಳಿಗೆ ನೆನಪಾಯಿತು. ಮಾಲೀಕರ ಅಳಿಯ ಇದೇ ಕಂಪ್ಯೂಟರಿನಲ್ಲಿ ಸಿನಿಮಾ ನೋಡಲು ಕೂತು ಯಾವುದೋ ಫೈಲು ಅಳಿಸಿದ್ದ. ಚಾಕಿ ಮನೆಗೆ ಹೊರಗಿನವರು ಕಾಲಿಡಬಾರದು, ನೆಂಟರೂ ಕೂಡ. ಆ ಕಟ್ಟುನಿಟ್ಟನ್ನೇ ಕಂಪ್ಯೂಟರಿಗೂ ಹಾಕಿ, ತುಂತುರಿನ ಫೈಲನ್ನು ತನ್ನ ಲಾಗಿನ್ ಬಿಟ್ಟು ಬೇರೆ ಯಾರೂ ಓದದಂತೆ, ನಡೆಸದಂತೆ ಭದ್ರಮಾಡಿ ಹೆಮ್ಮೆಪಟ್ಟಿದ್ದಳು. ಅರ್ಧ ಗಂಟೆಗೊಮ್ಮೆ ಅದನ್ನು ನಡೆಸುತ್ತಿದ್ದದ್ದು 'ಚಾಕಿ' ಎಂಬ ಬೇರೊಂದು ಲಾಗಿನ್. ಅದೂ ಹೊರಗಿನವರ ಲೆಕ್ಕಕ್ಕೆ ಸೇರಿಹೋಗಿತ್ತು.

ಆ ಲಾಗಿನ್‌ಗೆ ಅನುಮತಿ ಕೊಟ್ಟಾಗ ಹನ್ನೊಂದು ಇಪ್ಪತ್ತೇಳು. ಮೂರು ನಿಮಿಷ ಅವಳು ಗಡಿಯಾರ ನೋಡುತ್ತ ಕೂತಳು. ಹನ್ನೊಂದೂವರೆಗೆ, ಯಾರೂ ಮುಟ್ಟದೆ, ಯಂತ್ರ ಗುಂಯ್ ಎಂದಿತು.

"ಸರಿಹೋಯ್ತಲ್ಲಮ್ಮ!" ಚೆನ್ನರಾಯಪ್ಪ ಬಾಗಿಲಿಗೆ ಬಂದರು. "ನೋಡ್ದಾ, ಅವನು ತೊಲಗಿದ್ದೇ ತಡ, ನೆಟ್ಟಗಾಯ್ತು."

ಹೂಂ ಅಂದುಬಿಟ್ಟರೆ ಮುಗಿಯಿತು. ಲಾಗ್ ಫೈಲು ಓದುವವರು ಅಲ್ಲಿ ಇನ್ಯಾರಿದ್ದರು? ಇದು ಅವಳ ಮೊದಲ ಕೆಲಸ. ಹೋದರೆ ಮನೆಯಲ್ಲಿ ಏನು ಹೇಳುವುದು? ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಅವ್ರಲ್ಲ ಸಾರ್, ನಾನು" ಎಂದಳು. "ಸೋಮವಾರ ನಾನೇ ಲಾಕ್ ಮಾಡ್ಬಿಟ್ಟಿದ್ದೆ. ಕೋನಪ್ಪನೋರು ಸ್ವಿಚ್ ಮುಟ್ಟೇ ಇಲ್ಲ."

ಚೆನ್ನರಾಯಪ್ಪ ಪರದೆ ನೋಡಿದರು, ಅವಳನ್ನು ನೋಡಿದರು. ಮುಖ ಕೆಂಪಾಯಿತು. "ನಿನ್ ವಿಷ್ಯ ಆಮೇಲೆ. ಮೊದ್ಲು ಅವನ್ನ ಕರಿ, ಹೋಗು."

ತನುಜ ಬರಿಗಾಲಲ್ಲಿ ಓಡಿದಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಕೋನಪ್ಪ ಅವಳನ್ನು ಕಂಡು ಗಾಬರಿಯಾದ.

"ಏಮಮ್ಮಾ, ಹುಳಕ್ಕೇನಾರಾ ಆಯ್ತಾ?"

"ಇಲ್ಲ, ಹುಳ ಚೆನ್ನಾಗವೆ. ತಪ್ಪು ನಂದು ಕೋನಪ್ಪನೋರೇ. ಸಾರ್‌ಗೆ ಹೇಳಿದೀನಿ, ಬನ್ನಿ" ಎಂದಳು. ಅವಳ ಕಣ್ಣು ತುಂಬಿಬಂದಿತ್ತು.

ಅವನು ಮೆಟ್ಟಿಲಿಂದ ಕಾಲು ತೆಗೆದು ಅವಳ ಹಿಂದೆಯೇ ಬಂದ. ಚೆನ್ನರಾಯಪ್ಪ ಒಳಗೆ ತಟ್ಟೆಯೊಂದರ ಮೇಲೆ ಬಗ್ಗಿದ್ದವರು ತಲೆ ಎತ್ತಲಿಲ್ಲ. ಕೋನಪ್ಪ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ, ಮೊಣಕೈವರೆಗೆ ಕೈ ತೊಳೆದು, ಹೊಸಿಲ ಹೊರಗೇ ನಿಂತ. ಹನ್ನೆರಡು ವರ್ಷದಲ್ಲಿ ಅವನು ಅಲ್ಲಿ ಹಾಗೆ ನಿಂತವನಲ್ಲ.

"ಒಳಕ್ ಬರ್ಬೋದಾಮ್ಮ?" ಎಂದ.